"ಮಹಿಷಿ ಅಂದ್ರ ಯಾವ ಊರ್ರೀ ಮೇಡಂ?"

ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್‌ಗೆ ಬಂದ ಹುಡುಗರು ನನ್ನ ವಕೀಲಿ ಆಫೀಸಿಗೂ ಬರುತ್ತಾರೆ. ಹತ್ತರಲ್ಲಿ ನಾಲ್ವರ ಫೈಲಿನಲ್ಲಾದರೂ ಉದ್ಯೋಗದಲ್ಲಿ ಕನ್ನಡಿಗರಿಗೆ ಆದ್ಯತೆ ಕೇಳಿದ ಸರೋಜಿನಿ ಮಹಿಷಿ ವರದಿಯ ಪೇಪರ್ ಕಟಿಂಗ್ ಇರುತ್ತದೆ. ಹೋದ ವರ್ಷ ಬಂದವನು ಅದನ್ನು ಲ್ಯಾಮಿನೇಟ್ ಮಾಡಿಸಿಕೊಂಡಿದ್ದ. ರಾಯಚೂರು ಜಿಲ್ಲೆಯ ಸಿಂಧನೂರು ಕಡೆಯವನು, ರಾಜ್ಯ ಸರ್ಕಾರದ ಗ್ರೂಪ್ ಸಿ ಹುದ್ದೆಯ ಆಯ್ಕೆಪಟ್ಟಿಯಲ್ಲಿ ಕೂದಲೆಳೆಯಲ್ಲಿ ಹೆಸರು ತಪ್ಪಿತ್ತು. "ಕನ್ನಡಿಗರಿಗೆ ನೂರಕ್ಕೆ ನೂರು ಅಂತ ಮಹಿಷಿ ವರದಿಯಾಗ ಅದಲ್ರೀ ಮೇಡಂ, ಪಟ್ಟಿಯಾಗ ಹೊರಗಿನವ್ರು ಅದಾರ, ಕೇಸ್ ಹಾಕ್ರಿ" ಅಂದ.

ವರದಿ ಕಾನೂನಲ್ಲ. ಈ ಮಾತನ್ನು ವಾರಕ್ಕೊಮ್ಮೆಯಾದರೂ ಹೇಳುತ್ತೇನೆ, ಇನ್ನೊಮ್ಮೆ ಹೇಳುತ್ತೇನೆ. ಸರ್ಕಾರ ಸಮಿತಿ ಮಾಡುತ್ತದೆ, ಸಮಿತಿ ಶಿಫಾರಸು ಮಾಡುತ್ತದೆ. ಶಿಫಾರಸನ್ನು ಸರ್ಕಾರ ಒಪ್ಪಬಹುದು, ಬಿಡಬಹುದು. ಒಪ್ಪಿದ ಮೇಲೂ ಅದು ಅಧಿನಿಯಮವಾಗಿ ಅಥವಾ ನೇಮಕಾತಿ ನಿಯಮವಾಗಿ ರಾಜ್ಯಪತ್ರದಲ್ಲಿ ಬರಬೇಕು. ಅಲ್ಲಿಯ ತನಕ ಅದನ್ನು ಹಿಡಿದು ಕೋರ್ಟಿಗೆ ಹೋದರೆ "ಯಾವ ನಿಯಮದಡಿ ಕೇಳುತ್ತಿದ್ದೀರಿ?" ಎಂಬ ಮೊದಲ ಪ್ರಶ್ನೆಗೇ ನಮ್ಮ ಬಳಿ ಉತ್ತರ ಇರುವುದಿಲ್ಲ. ರಾಮಕೃಷ್ಣ ಹೆಗಡೆ ಸರ್ಕಾರ 1983ರಲ್ಲಿ ಸರೋಜಿನಿ ಮಹಿಷಿಯವರ ಅಧ್ಯಕ್ಷತೆಯಲ್ಲಿ ಈ ಸಮಿತಿ ಮಾಡಿತು. 1984ರಲ್ಲಿ ಮಧ್ಯಂತರ ವರದಿ, 1986ರಲ್ಲಿ ಅಂತಿಮ ವರದಿ ಬಂತು. 58 ಶಿಫಾರಸುಗಳಲ್ಲಿ 45ನ್ನು ಸರ್ಕಾರ ಒಪ್ಪಿತು. ಈ "ಒಪ್ಪಿತು" ಎಂಬ ಪದವನ್ನು ಹುಡುಗರು "ಜಾರಿಗೆ ಬಂತು" ಎಂದು ಓದಿಕೊಳ್ಳುತ್ತಾರೆ. ಅಲ್ಲೇ ಎಡವುವುದು.

ಇಷ್ಟು ಹೇಳಿ ಮುಗಿಸಿದ ಮೇಲೆ ಅವನು ಕೇಳಿದ: "ಮಹಿಷಿ ಅಂದ್ರ ಯಾವ ಊರ್ರೀ ಮೇಡಂ?"

ನನಗೆ ಸಿಟ್ಟಿಗಿಂತ ಸಂಕಟವಾಯಿತು. ಅವನು ರೂಮು ಮಾಡಿಕೊಂಡು ಓದುತ್ತಿರುವ ಊರನ್ನು ಹದಿನೆಂಟು ವರ್ಷ ಲೋಕಸಭೆಯಲ್ಲಿ ಪ್ರತಿನಿಧಿಸಿದವರು ಅವರು. 1927ರಲ್ಲಿ ಹುಟ್ಟಿ, ಸಂಸ್ಕೃತ ಓದಿ, ಕಾನೂನು ಓದಿ, ಕರಿ ಕೋಟು ತೊಟ್ಟ ಧಾರವಾಡದ ಹೆಣ್ಣುಮಗಳು. ರಾಜ್ಯಕ್ಕೆ ಇನ್ನೂ ಮೈಸೂರು ಎಂದೇ ಹೆಸರಿದ್ದ 1962ರಲ್ಲಿ ಧಾರವಾಡ ಉತ್ತರ ಕ್ಷೇತ್ರದಿಂದ ಗೆದ್ದು, ನಮ್ಮ ರಾಜ್ಯದಿಂದ ಲೋಕಸಭೆಗೆ ಹೋದ ಮೊದಲ ಮಹಿಳೆಯಾದರು. ಮುಂದೆ 1967, 1971, 1977ರಲ್ಲೂ ಗೆದ್ದರು. 1977ರಲ್ಲಿ ರಾಯ್‌ಬರೇಲಿಯಲ್ಲಿ ಇಂದಿರಾ ಗಾಂಧಿಯವರೇ ಸೋತಿದ್ದರು. ಧಾರವಾಡ ಇವರ ಕೈ ಬಿಡಲಿಲ್ಲ. ಇಂದಿರಾ ಸರ್ಕಾರದಲ್ಲಿ ಪ್ರವಾಸೋದ್ಯಮ ಮತ್ತು ವಿಮಾನಯಾನ ಖಾತೆ ನೋಡಿದರು, ಮುಂದೆ ಕಾನೂನು ಖಾತೆಯ ರಾಜ್ಯ ಸಚಿವೆಯಾದರು. ಜಿಲ್ಲಾ ಕೋರ್ಟಿನಲ್ಲಿ ಹೆಣ್ಣುಮಕ್ಕಳು ಬೆರಳೆಣಿಕೆಯಷ್ಟಿದ್ದ ಕಾಲ ಅದು. ಅದೇ ಓಣಿಗಳಲ್ಲಿ ಓಡಾಡಿ ವಕೀಲಿ ಮಾಡುವ ನನಗೆ ಇದು ಸಣ್ಣ ಸಂಗತಿಯಲ್ಲ.

ಹಿಂದಿ ವಿರುದ್ಧದ ಮೆರವಣಿಗೆಗಳಲ್ಲಿ ಅವರ ಹೆಸರು ಕೂಗುವುದನ್ನೂ ಕೇಳಿದ್ದೇನೆ. ಅವರು ಸಂಸದೀಯ ಹಿಂದಿ ಪರಿಷತ್ತಿನಲ್ಲಿ ದುಡಿದವರು, ಡಿ.ವಿ.ಜಿ.ಯವರ ಕಗ್ಗವನ್ನು ಹಿಂದಿಗೆ ತಂದವರು. ಯಾವ ಭಾಷೆಯ ಮೇಲೂ ದ್ವೇಷವಿಲ್ಲದೆ ಕನ್ನಡಿಗರ ಅನ್ನದ ಪ್ರಶ್ನೆ ಎತ್ತಿದರು.

ಅವರೊಳಗಿನ ವಕೀಲೆ ಕಾಣುವುದು ಸಮಿತಿ ಕೊಟ್ಟ "ಕನ್ನಡಿಗ" ಎಂಬುದರ ವ್ಯಾಖ್ಯೆಯಲ್ಲಿ: ಹದಿನೈದು ವರ್ಷ ಇಲ್ಲಿ ನೆಲೆಸಿರಬೇಕು, ಕನ್ನಡ ಓದಲು ಬರೆಯಲು ಬರಬೇಕು. ಸಂವಿಧಾನದ 16(2)ನೇ ವಿಧಿ ಸರ್ಕಾರಿ ಹುದ್ದೆಯಲ್ಲಿ ಹುಟ್ಟಿದ ಊರು, ವಾಸದ ಜಾಗ ನೋಡಿ ತಾರತಮ್ಯ ಮಾಡಬಾರದು ಎನ್ನುತ್ತದೆ. ರಾಜ್ಯದ ಹುದ್ದೆಗಳಿಗೆ ವಾಸದ ಷರತ್ತು ಹಾಕಬೇಕಾದರೆ 16(3)ರಂತೆ ಸಂಸತ್ತೇ ಕಾನೂನು ಮಾಡಬೇಕು, ನಮ್ಮ ವಿಧಾನಸಭೆಗೆ ಆ ಅಧಿಕಾರ ಇಲ್ಲ. ಆದರೆ 16(2)ರ ಪಟ್ಟಿಯಲ್ಲಿ ಭಾಷೆ ಇಲ್ಲ. ಹುದ್ದೆಯ ಕೆಲಸಕ್ಕೆ ಕನ್ನಡ ಬೇಕು, ಆದ್ದರಿಂದ ಕನ್ನಡ ಬರಬೇಕು ಎಂದು ನಿಯಮ ಬರೆದರೆ ಅದು ಕೋರ್ಟಿನಲ್ಲಿ ನಿಲ್ಲುವ ಸಾಧ್ಯತೆ ಹೆಚ್ಚು. ಪ್ರತಿ ಕೇಸಿಗೂ ಹೀಗೇ ಆಗುತ್ತದೆಂದು ನಾನು ಹೇಳಲಾರೆ, ನಿಯಮದ ಒಂದೊಂದು ಪದವನ್ನೂ ನೋಡಬೇಕಾಗುತ್ತದೆ. ಖಾಸಗಿ ಕಂಪನಿಗಳ ಮಾತು ಬೇರೆಯೇ. ಹರಿಯಾಣದ ಶೇ. 75ರ ಸ್ಥಳೀಯ ಮೀಸಲಾತಿ ಕಾನೂನನ್ನು ಅಲ್ಲಿನ ಹೈಕೋರ್ಟ್ 2023ರಲ್ಲಿ ರದ್ದು ಮಾಡಿತು. ನಮ್ಮಲ್ಲಿ 2024ರ ಜುಲೈನಲ್ಲಿ ಸಂಪುಟ ಒಪ್ಪಿದ ಮಸೂದೆ ಎರಡು ಮೂರು ದಿನದಲ್ಲೇ ತಡೆಯಲ್ಲಿ ನಿಂತಿತು.

ಇಷ್ಟೆಲ್ಲ ಮಾತಾದ ಮೇಲೆ ಆ ಹುಡುಗನ ಅರ್ಜಿಯ ಪ್ರತಿ ನೋಡಿದೆ. ಕಲ್ಯಾಣ ಕರ್ನಾಟಕ ಮೀಸಲಾತಿ ಕೋರುತ್ತೀರಾ ಎಂಬ ಕಾಲಂನಲ್ಲಿ "ಇಲ್ಲ" ಎಂದಿತ್ತು. ಯಾಕಪ್ಪಾ ಅಂದರೆ, "ಸರ್ಟಿಫಿಕೇಟ್ ಮಾಡಿಸಿರಲಿಲ್ರೀ" ಅಂದ. ಆ ಭಾಗದ ಜನ ವರ್ಷಗಟ್ಟಲೆ ಹೋರಾಡಿ, ಸಂಸತ್ತು 2012ರಲ್ಲಿ ಸಂವಿಧಾನವನ್ನೇ ತಿದ್ದಿ 371 ಜೆ ವಿಧಿ ಕೊಟ್ಟಿದೆ. ಅದರಡಿ ಆ ಭಾಗದ ಸ್ಥಳೀಯ ವೃಂದದ, ಅಂದರೆ ಅಲ್ಲಿನ ಕಚೇರಿಗಳ, ಗ್ರೂಪ್ ಸಿ ಹುದ್ದೆಗಳಲ್ಲಿ ಶೇ. 80, ರಾಜ್ಯಮಟ್ಟದ ಹುದ್ದೆಗಳಲ್ಲಿ ಶೇ. 8 ಅವರಿಗೆ ಮೀಸಲು. ಇದು ಕಾನೂನು. ಇದನ್ನು ಹಿಡಿದು ನಾನು ಕೋರ್ಟಿನಲ್ಲಿ ಗಂಟಲು ಹರಿಯುವಂತೆ ವಾದ ಮಾಡಬಲ್ಲೆ. ಆದರೆ ಅರ್ಜಿಯಲ್ಲಿ ಕೇಳದ ಮೀಸಲಾತಿಯನ್ನು ಆಯ್ಕೆಪಟ್ಟಿ ಬಂದ ಮೇಲೆ ಕೊಡಿಸುವುದು ಬಹಳ ಕಷ್ಟ. ಅವನಿಂದ ಫೀಸು ತೆಗೆದುಕೊಳ್ಳದೆ ಸಹಾಯಕ ಆಯುಕ್ತರ ಕಚೇರಿಗೆ ಕೊಡಬೇಕಾದ ದಾಖಲೆಗಳನ್ನು ಚೀಟಿಯಲ್ಲಿ ಬರೆದುಕೊಟ್ಟು ಕಳಿಸಿದೆ.

ಮೊನ್ನೆ ಮತ್ತೆ ಬಂದಿದ್ದ, ಇನ್ನೊಂದು ಅಧಿಸೂಚನೆ ತೋರಿಸಲು. ಫೈಲಿನಲ್ಲಿ ಎಲ್ಲಕ್ಕಿಂತ ಮೇಲೆ 371 ಜೆ ಪ್ರಮಾಣಪತ್ರ ಇತ್ತು. ಅದರ ಕೆಳಗೆ ಆ ಲ್ಯಾಮಿನೇಟ್ ಮಾಡಿದ ಕಟಿಂಗ್ ಹಾಗೇ ಇತ್ತು, ಅಂಚಿನಲ್ಲಿ ಅವನದೇ ಕೈಬರಹದಲ್ಲಿ "ಧಾರವಾಡ, 1962" ಎಂದು ಬರೆದ ಚೀಟಿ ಅಂಟಿಸಿದ್ದ.