ದೂರದಿಂದ ಬರೆದ ಚೀನಾ: ಪಕ್ಷಪಾತದ ದೂರು ಬೆಳೆದು ಬಂದ ಬಗೆ

ಪಾಶ್ಚಾತ್ಯ ಮಾಧ್ಯಮಗಳು ಚೀನಾದ ಬಗ್ಗೆ ಪಕ್ಷಪಾತದಿಂದ ಬರೆಯುತ್ತವೆ ಎಂಬ ದೂರಿನೊಳಗೆ ಎರಡು ಪ್ರಶ್ನೆಗಳು ಸಿಕ್ಕುಗಟ್ಟಿವೆ. ವರದಿಯಲ್ಲಿರುವ ಸಂಗತಿ ನಿಜವೇ ಎಂಬುದು ಒಂದು. ಇಷ್ಟೆಲ್ಲ ಸಂಗತಿಗಳ ನಡುವೆ ಅದನ್ನೇ ಏಕೆ ಆರಿಸಿದರು ಎಂಬುದು ಇನ್ನೊಂದು. ಮೊದಲನೆಯದನ್ನು ದಾಖಲೆ ಹಿಡಿದು ಪರಿಶೀಲಿಸಬಹುದು, ಎರಡನೆಯದರ ಜಗಳಕ್ಕೆ ಕೊನೆಯಿಲ್ಲ. ಇವೆರಡನ್ನೂ ಬೆರೆಸಿ ಮಾತಾಡುವುದೇ ಈಗ ರೂಢಿಯಾಗಿದೆ.

ಬೇರು ಹಳೆಯದು. ಅಮೆರಿಕದ ಟೈಮ್ ಪತ್ರಿಕೆಯ ಸ್ಥಾಪಕ ಹೆನ್ರಿ ಲೂಸ್ ಮಿಷನರಿ ದಂಪತಿಯ ಮಗ, ಹುಟ್ಟಿದ್ದು ಚೀನಾದಲ್ಲೇ. ಅವರ ಪತ್ರಿಕೆ ಕಮ್ಯುನಿಸ್ಟರ ಎದುರಾಳಿಯಾಗಿದ್ದ ಚಿಯಾಂಗ್ ಕೈ-ಶೆಕ್ ಬೆನ್ನಿಗೆ ನಿಂತಿತ್ತು. ಅದೇ ಕಾಲದಲ್ಲಿ, 1936ರಲ್ಲಿ, ಅಮೆರಿಕದ ಪತ್ರಕರ್ತ ಎಡ್ಗರ್ ಸ್ನೋ ಕಮ್ಯುನಿಸ್ಟ್ ನಾಯಕ ಮಾವೋನನ್ನು ಭೇಟಿಯಾಗಿ ಬಂದು ಆತನ ಬಗ್ಗೆ ಅಭಿಮಾನದಿಂದ ಬರೆದರು. 1949ರ ನಂತರ ಅಮೆರಿಕದ ವರದಿಗಾರರಿಗೆ ಬಾಗಿಲು ಮುಚ್ಚಿತು. ಮೂರು ದಶಕ ಅವರು ಹಾಂಗ್‌ಕಾಂಗ್‌ನಲ್ಲಿ ಕುಳಿತು ಸರ್ಕಾರಿ ಪತ್ರಿಕೆ ಓದಿ, ರೇಡಿಯೋ ಕೇಳಿ, ಗಡಿ ದಾಟಿ ಬಂದ ನಿರಾಶ್ರಿತರನ್ನು ಮಾತಾಡಿಸಿ ಚೀನಾವನ್ನು ಊಹಿಸಿದರು. 1959–61ರ ಕ್ಷಾಮದಲ್ಲಿ ಕೋಟಿಗಟ್ಟಲೆ ಜನ ಸತ್ತದ್ದರ ನಿಜವಾದ ಪ್ರಮಾಣ ಆಗ ಹೊರಗೆ ತಿಳಿಯಲೇ ಇಲ್ಲ. 1979ರಲ್ಲಿ ರಾಜತಾಂತ್ರಿಕ ಸಂಬಂಧ ಕುದುರಿ ಅಮೆರಿಕದ ಪತ್ರಿಕೆಗಳ ಕಚೇರಿಗಳು ಬೀಜಿಂಗ್‌ನಲ್ಲಿ ತೆರೆದ ಮೇಲೆ ಹೊಗಳಿಕೆಯ ಕಾಲ ಬಂತು. ಚೀನಾದ ನಾಯಕ ಡೆಂಗ್ ಶಿಯಾವೊಪಿಂಗ್ ಎರಡು ಬಾರಿ ಟೈಮ್‌ನ ವರ್ಷದ ವ್ಯಕ್ತಿಯಾದರು.

1989ರ ಮೇ ತಿಂಗಳಲ್ಲಿ ಗೊರ್ಬಚೆವ್ ಭೇಟಿಯ ವರದಿಗೆಂದು ಬಂದಿದ್ದ ಟಿವಿ ತಂಡಗಳ ಕಣ್ಣೆದುರೇ ಬೀಜಿಂಗ್‌ನ ತಿಯಾನನ್ಮೆನ್ ಚೌಕದ ವಿದ್ಯಾರ್ಥಿ ಚಳವಳಿ ಭುಗಿಲೆದ್ದಿತು. ಜೂನ್ 3ರ ರಾತ್ರಿ ಮತ್ತು 4ರ ನಸುಕಿನಲ್ಲಿ ಸೇನೆ ಗುಂಡು ಹಾರಿಸಿದಾಗ ಹೆಚ್ಚಿನ ಸಾವುಗಳು ಆದದ್ದು ಚೌಕದ ಒಳಗಲ್ಲ. ಚೌಕಕ್ಕೆ ಹೋಗುವ ರಸ್ತೆಗಳಲ್ಲಿ, ಅದರಲ್ಲೂ ಪಶ್ಚಿಮದ ಮುಶಿದಿ ಸುತ್ತಮುತ್ತ. ಅನೇಕ ವರದಿಗಳು "ಚೌಕದಲ್ಲಿ ಹತ್ಯಾಕಾಂಡ" ಎಂದೇ ಬರೆದವು. ಜಾಗದ ಈ ತಪ್ಪನ್ನು ಹಿಡಿದುಕೊಂಡು, ಹತ್ಯಾಕಾಂಡವೇ ನಡೆದಿಲ್ಲ ಎಂದು ವಾದಿಸುವವರು ಇಂದಿಗೂ ಇದ್ದಾರೆ. ಸಣ್ಣ ತಪ್ಪೊಂದು ದೊಡ್ಡ ಸತ್ಯವನ್ನು ಅಲ್ಲಗಳೆಯಲು ನೆಪವಾಗುವುದು ಮುಂದೆ ಮತ್ತೆ ಮತ್ತೆ ನಡೆಯಿತು.

2008ರ ಮಾರ್ಚ್ 14ರಂದು ಟಿಬೆಟ್‌ನ ರಾಜಧಾನಿ ಲ್ಹಾಸಾದಲ್ಲಿ ಗಲಭೆಯಾಯಿತು. ಒಲಿಂಪಿಕ್ಸ್ ನೆಪದಲ್ಲಿ 2007ರ ಜನವರಿಯಿಂದ ವಿದೇಶಿ ವರದಿಗಾರರಿಗೆ ನಿಯಮ ಸಡಿಲವಾಗಿತ್ತು: ಸಂದರ್ಶನ ಕೊಡುವವರು ಒಪ್ಪಿದರೆ ಸಾಕು, ಸ್ಥಳೀಯ ಅಧಿಕಾರಿಗಳ ಅನುಮತಿ ಬೇಡ. ಟಿಬೆಟ್‌ಗೆ ಮಾತ್ರ ಪ್ರತ್ಯೇಕ ಪರವಾನಗಿ ಬೇಕೇ ಬೇಕಿತ್ತು. ಆ ದಿನ ಪರವಾನಗಿ ಪಡೆದು ನಗರದಲ್ಲಿದ್ದ ಪಾಶ್ಚಾತ್ಯ ವರದಿಗಾರರೆಂದರೆ ದಿ ಇಕನಾಮಿಸ್ಟ್‌ನ ಜೇಮ್ಸ್ ಮೈಲ್ಸ್ ಒಬ್ಬರೇ. ಟಿಬೆಟನ್ನರ ಗುಂಪುಗಳು ಚೀನಾದ ಬಹುಸಂಖ್ಯಾತರಾದ ಹಾನ್ ಜನರ, ಹುಯಿ ಮುಸ್ಲಿಮರ ಅಂಗಡಿಗಳ ಮೇಲೆ ದಾಳಿ ಮಾಡಿದ್ದನ್ನು ಅವರು ಕಂಡದ್ದು ಕಂಡಂತೆ ಬರೆದರು. ಉಳಿದವರು ದೂರದಿಂದಲೇ ಕೆಲಸ ಮಾಡಬೇಕಾಯಿತು. ಸಿಎನ್‌ಎನ್ ಜಾಲತಾಣದ ಒಂದು ಚಿತ್ರದಲ್ಲಿ ಸೇನೆಯ ಟ್ರಕ್ಕುಗಳು ಮತ್ತು ಅವುಗಳ ಮುಂದಿದ್ದ ಇಬ್ಬರು ಉಳಿದರು. ಟ್ರಕ್ಕಿಗೆ ಕಲ್ಲು ತೂರುತ್ತಿದ್ದವರು ಕತ್ತರಿಸಿದ ಭಾಗದಲ್ಲಿ ಹೋದರು. ಜರ್ಮನಿಯ ಚಾನೆಲ್‌ಗಳಲ್ಲಿ ಕಾಠ್ಮಂಡುವಿನ ನೇಪಾಳಿ ಪೊಲೀಸರ ದೃಶ್ಯಗಳು ಚೀನಾದ ದಮನವೆಂದು ಬಂದವು, ಆಮೇಲೆ ತಪ್ಪೊಪ್ಪಿಗೆಯೂ ಬಂತು. ಚೀನಾದ ಯುವಕರು ಇಂಥ ಚಿತ್ರಗಳನ್ನೆಲ್ಲ ಒಟ್ಟುಹಾಕಿ ಆಂಟಿ-ಸಿಎನ್‌ಎನ್ ಎಂಬ ತಾಣ ಕಟ್ಟಿದರು. ಅವರಲ್ಲಿ ಬಹುತೇಕರಿಗೆ ಅದು ಸರ್ಕಾರ ಹೇಳಿಕೊಟ್ಟ ಸಿಟ್ಟಾಗಿರಲಿಲ್ಲ, ನಿಜವಾದ ನೋವಾಗಿತ್ತು. ಆದರೆ ಪರವಾನಗಿ ಇಲ್ಲದೆ ಲ್ಹಾಸಾ ತಲುಪಲಾಗದ ವರದಿಗಾರನ ಕಷ್ಟ ಆ ತಾಣದಲ್ಲಿ ಕಾಣಲಿಲ್ಲ. ಬೈಲಕುಪ್ಪೆ, ಮುಂಡಗೋಡುಗಳಲ್ಲಿ ಟಿಬೆಟನ್ನರನ್ನೇ ನೆರೆಹೊರೆಯಾಗಿ ಕಂಡಿರುವ ನಮಗೂ ಈ ವಿಷಯದಲ್ಲಿ ಮನಸ್ಸು ಮೊದಲೇ ಒಂದು ಕಡೆ ವಾಲಿರುತ್ತದೆ. ಅದನ್ನು ನೆನಪಿಟ್ಟುಕೊಂಡೇ ಓದಬೇಕು.

ವರದಿ ದಾರಿ ತಪ್ಪುವ ಬಗೆಯನ್ನು ಬಿಡಿಸಿ ನೋಡಲು ಎಲ್ಲಕ್ಕಿಂತ ಒಳ್ಳೆಯ ಉದಾಹರಣೆ "ಸೋಶಿಯಲ್ ಕ್ರೆಡಿಟ್". ಚೀನಾದ ಪ್ರತಿ ಪ್ರಜೆಗೂ 2020ರೊಳಗೆ ಒಂದು ಅಂಕ ಸಿಗುತ್ತದೆ, ರಸ್ತೆ ದಾಟುವುದರಿಂದ ಹಿಡಿದು ಗೆಳೆಯರ ಆಯ್ಕೆವರೆಗೆ ಎಲ್ಲವೂ ಅದರಲ್ಲಿ ಲೆಕ್ಕಕ್ಕೆ ಬರುತ್ತದೆ ಎಂದು 2015ರಿಂದ ಜಗತ್ತಿನೆಲ್ಲೆಡೆ ಸುದ್ದಿ ಬಂತು. ಕನ್ನಡದಲ್ಲೂ ಬಂತು. ಅದರ ಹಿಂದೆ ಇದ್ದದ್ದು ಬೇರೆ ಬೇರೆಯಾದ ಹಲವು ಸಂಗತಿಗಳು. ಮೊದಲನೆಯದು 2014ರಲ್ಲಿ ಚೀನಾದ ಸ್ಟೇಟ್ ಕೌನ್ಸಿಲ್ (ಅಲ್ಲಿನ ಸಚಿವ ಸಂಪುಟ) ಹೊರಡಿಸಿದ ಯೋಜನಾ ದಾಖಲೆ. 2014ರಿಂದ 2020 ಎಂಬುದು ಆ ಯೋಜನೆಯ ಅವಧಿ. ಸುದ್ದಿಯಲ್ಲಿ ಅದು ಅಂಕ ಜಾರಿಯಾಗುವ ದಿನವಾಯಿತು. ಎರಡನೆಯದು ಆನ್‌ಲೈನ್ ವ್ಯಾಪಾರದ ದೊಡ್ಡ ಕಂಪನಿ ಅಲಿಬಾಬಾ ಬಳಗದ ಆ್ಯಂಟ್ ಕಂಪನಿಯ ಸೆಸಮಿ ಕ್ರೆಡಿಟ್. 350ರಿಂದ 950ರವರೆಗೆ ಅಂಕ ಕೊಡುತ್ತಿದ್ದುದು ಇದೇ. ಬೇಕಾದವರು ಸೇರಿಕೊಳ್ಳಬಹುದಾಗಿತ್ತು, ಅಂಕ ಚೆನ್ನಾಗಿದ್ದರೆ ಬಾಡಿಗೆ ಸೈಕಲ್ಲಿಗೆ, ಹೋಟೆಲ್ ಕೋಣೆಗೆ ಠೇವಣಿ ಕೊಡಬೇಕಿರಲಿಲ್ಲ. ಸರ್ಕಾರದ ಅಂಕವೇ ಅಲ್ಲ. ಮೂರನೆಯದು ಕೆಲವು ಊರುಗಳ ಪ್ರಯೋಗ. ಶಾಂಡೊಂಗ್‌ನ ರೋಂಗ್‌ಚೆಂಗ್‌ನಲ್ಲಿ ಪ್ರತಿಯೊಬ್ಬರಿಗೂ ಆರಂಭಕ್ಕೆ 1,000 ಅಂಕ. ಜಿಯಾಂಗ್ಸುವಿನ ಸುಯಿನಿಂಗ್‌ನಲ್ಲಿ 2010ರಲ್ಲೇ ಇಂಥದ್ದು ನಡೆದು, ಚೀನಾದ ಸರ್ಕಾರಿ ಮಾಧ್ಯಮಗಳೇ ಅದನ್ನು ಟೀಕಿಸಿದ್ದವು.

ನಾಲ್ಕನೆಯದು ನಿಜಕ್ಕೂ ಗಂಭೀರವಾದದ್ದು: ಸುಪ್ರೀಂ ಪೀಪಲ್ಸ್ ಕೋರ್ಟ್ 2013ರಲ್ಲಿ ಶುರುಮಾಡಿದ ಕಪ್ಪುಪಟ್ಟಿ. ನ್ಯಾಯಾಲಯದ ತೀರ್ಪನ್ನು ಪಾಲಿಸುವ ಶಕ್ತಿಯಿದ್ದೂ ಪಾಲಿಸದವರ ಹೆಸರು ಇದಕ್ಕೆ ಸೇರುತ್ತದೆ. ಟಿಕೆಟ್‌ಗೆ ಗುರುತಿನ ಸಂಖ್ಯೆ ಕಡ್ಡಾಯವಾದ್ದರಿಂದ ವಿಮಾನದ, ಅತಿವೇಗದ ರೈಲಿನ ಬುಕಿಂಗ್ ಅಲ್ಲೇ ನಿಂತುಹೋಗುತ್ತದೆ. 2018ರ ಕೊನೆಗೆ ಸುಮಾರು 1.75 ಕೋಟಿ ಬಾರಿ ವಿಮಾನ ಟಿಕೆಟ್ ತಡೆಯಲಾಗಿತ್ತು. ಗಮನಿಸಬೇಕಾದ್ದು "ಬಾರಿ" ಎಂಬುದನ್ನು. ಒಬ್ಬನೇ ಹತ್ತು ಸಲ ಪ್ರಯತ್ನಿಸಿದರೆ ಹತ್ತು ಎಂದೇ ಲೆಕ್ಕ. ಇದು ಎಷ್ಟೋ ಕಡೆ "1.75 ಕೋಟಿ ಜನ" ಎಂದಾಯಿತು. 2020 ಬಂದು ಹೋಯಿತು, ದೇಶಕ್ಕೆಲ್ಲ ಒಂದೇ ಅಂಕ ಬರಲಿಲ್ಲ.

ಈ ಗದ್ದಲದಲ್ಲಿ ಕೇಳಬೇಕಿದ್ದ ಪ್ರಶ್ನೆ ಮರೆಯಾಯಿತು. ಮಾನಹಾನಿ ಮೊಕದ್ದಮೆಯಲ್ಲಿ ಸೋತ ಪತ್ರಕರ್ತ ಲಿಯು ಹು ಇದೇ ಕಪ್ಪುಪಟ್ಟಿಗೆ ಸೇರಿ ವಿಮಾನ ಟಿಕೆಟ್ ಕೊಳ್ಳಲಾಗದೆ ಉಳಿದರು. ಸಾಲ ವಸೂಲಿಗೆಂದು ಮಾಡಿದ ಸಾಧನ ಬರೆಯುವವರ ಮೇಲೂ ಬೀಳಬಹುದು ಎಂಬುದೇ ಅಲ್ಲಿ ಸುದ್ದಿ. ಶಿನ್‌ಜಿಯಾಂಗ್ ವಿಷಯದಲ್ಲಿ ಇದರ ನಷ್ಟ ಇನ್ನೂ ದೊಡ್ಡದು. 2018ರ ಆಗಸ್ಟ್‌ನಲ್ಲಿ ಜಿನೀವಾದ ವಿಶ್ವಸಂಸ್ಥೆ ಸಮಿತಿಯೆದುರು ಅಲ್ಲಿ ಉಯ್ಗುರ್ ಮುಸ್ಲಿಮರ ಬಂಧನ ಶಿಬಿರಗಳೇ ಇಲ್ಲ ಎಂದ ಚೀನಾ, ಅಕ್ಟೋಬರ್‌ನಲ್ಲಿ ಅವನ್ನು ವೃತ್ತಿ ತರಬೇತಿ ಕೇಂದ್ರಗಳೆಂದು ಕರೆದು ಕಾನೂನಿಗೆ ಸೇರಿಸಿತು. ಉಪಗ್ರಹ ಚಿತ್ರ, ಸೋರಿಕೆಯಾದ ದಾಖಲೆಗಳ ಆಧಾರವಿದ್ದ ಆ ವರದಿಗಳನ್ನೂ "ಇದೂ ಅಂಕದ ಕಥೆಯಂತೆಯೇ" ಎಂದು ತಳ್ಳಿಹಾಕುವುದು ಸುಲಭವಾಯಿತು.

ತಪ್ಪು ಎಲ್ಲಿ ಸೇರುತ್ತದೆ? ಚೀನಾದ ನಿಯಮದಂತೆ ಚೀನೀ ಪ್ರಜೆಗಳು ವಿದೇಶಿ ಮಾಧ್ಯಮಕ್ಕೆ ವರದಿಗಾರರಾಗುವಂತಿಲ್ಲ, ಸರ್ಕಾರ ಸೂಚಿಸಿದ ಸಂಸ್ಥೆಯ ಮೂಲಕ "ಸುದ್ದಿ ಸಹಾಯಕ"ರಾಗಬಹುದು ಅಷ್ಟೆ. ಭಾಷೆ, ಊರು, ಜನ ಎಲ್ಲ ಬಲ್ಲವರು ಅವರೇ; ಪೊಲೀಸರ ಒತ್ತಡ ಮೊದಲು ಬೀಳುವುದೂ ಅವರ ಮೇಲೆ. ವರದಿಗಾರನ ವೀಸಾ ಸಾಮಾನ್ಯವಾಗಿ ವರ್ಷವರ್ಷ ನವೀಕರಣವಾಗಬೇಕು. ಶೀರ್ಷಿಕೆಯನ್ನು ಬರೆಯುವುದು ಮತ್ತೊಂದು ದೇಶದಲ್ಲಿ ಕುಳಿತ ಸಂಪಾದಕರ ಡೆಸ್ಕ್. ಜಾಗ ಸಾಲದಾದಾಗ ಪ್ರತಿಯನ್ನು ಕೆಳಗಿನಿಂದ ಕತ್ತರಿಸುತ್ತಾರೆ, ಹಿನ್ನೆಲೆ ಮತ್ತು ಚೀನಾದ ಪ್ರತಿಕ್ರಿಯೆ ಇರುವುದು ಬಹುಪಾಲು ಅಲ್ಲೇ. ಸುದ್ದಿ ಏಜೆನ್ಸಿಯ ಇಂಗ್ಲಿಷ್ ಪ್ರತಿ ಕನ್ನಡಕ್ಕೆ ಬರುವಾಗ "ಕೆಲವು ನಗರಗಳಲ್ಲಿ" ಎಂಬಂಥ ಮಿತಿಯ ಮಾತುಗಳು ಇನ್ನೊಮ್ಮೆ ಉದುರುತ್ತವೆ.

2020ರ ಘಟನೆಗಳಲ್ಲಿ ವರದಿಗಾರನಿಗೂ ಡೆಸ್ಕಿಗೂ ನಡುವಿನ ಈ ಅಂತರ ಕಣ್ಣಿಗೆ ರಾಚುವಂತಿತ್ತು. ಫೆಬ್ರವರಿ 3ರಂದು ವಾಲ್ ಸ್ಟ್ರೀಟ್ ಜರ್ನಲ್‌ನ ಅಭಿಪ್ರಾಯ ಪುಟ ಚೀನಾವನ್ನು "ಏಷ್ಯಾದ ರೋಗಿ" ಎಂದು ಕರೆಯುವ ಶೀರ್ಷಿಕೆ ಹಾಕಿತು. ಕೊರೊನಾದಿಂದ ಜನ ಸಾಯುತ್ತಿದ್ದ ಹೊತ್ತು; ಚೀನೀಯರಿಗೆ ಅದು ವಸಾಹತು ಕಾಲದ ಅವಮಾನ. ಆದರೆ ಫೆಬ್ರವರಿ 19ರಂದು ದೇಶ ಬಿಡುವಂತೆ ಆದೇಶ ಪಡೆದ ಆ ಪತ್ರಿಕೆಯ ಮೂವರು ವರದಿಗಾರರಿಗೂ ಆ ಶೀರ್ಷಿಕೆಗೂ ಸಂಬಂಧವಿರಲಿಲ್ಲ. ಮಾರ್ಚ್ 2ರಂದು ಅಮೆರಿಕ ಚೀನಾದ ನಾಲ್ಕು ಸರ್ಕಾರಿ ಮಾಧ್ಯಮಗಳ ಚೀನೀ ಸಿಬ್ಬಂದಿಯನ್ನು 100ಕ್ಕೆ ಮಿತಿಗೊಳಿಸಿತು. ಮಾರ್ಚ್ 17ರಂದು ಚೀನಾ ಅಮೆರಿಕದ ಮೂರು ಪತ್ರಿಕೆಗಳ ಅಮೆರಿಕನ್ ವರದಿಗಾರರಲ್ಲಿ ಹೆಚ್ಚಿನವರನ್ನು ಹೊರಗೆ ಕಳಿಸುವುದಾಗಿ ಘೋಷಿಸಿತು. ಮರುವರ್ಷ ಫೆಬ್ರವರಿಯಲ್ಲಿ ಬ್ರಿಟನ್ ಚೀನಾದ ಸರ್ಕಾರಿ ಟಿವಿ ಸಿಜಿಟಿಎನ್‌ನ ಪರವಾನಗಿ ರದ್ದು ಮಾಡಿತು, ಒಂದೇ ವಾರದಲ್ಲಿ ಚೀನಾ ಬಿಬಿಸಿ ವರ್ಲ್ಡ್ ನ್ಯೂಸ್ ನಿಲ್ಲಿಸಿತು.

ಭಾರತದಲ್ಲೂ ಇದೇ ಆಯಿತು. 2023ರ ಆರಂಭದಲ್ಲಿ ಚೀನಾದಲ್ಲಿ ಭಾರತದ ನಾಲ್ವರು ವರದಿಗಾರರಿದ್ದರು. ಎರಡೂ ಸರ್ಕಾರಗಳು ಪರಸ್ಪರರ ವರದಿಗಾರರಿಗೆ ವೀಸಾ ಕೊಡದೆ, ನವೀಕರಿಸದೆ ಹಟ ಹಿಡಿದವು. ಜೂನ್ ಹೊತ್ತಿಗೆ ಅಲ್ಲಿ ನಮ್ಮವರು ಹೆಚ್ಚುಕಡಿಮೆ ಯಾರೂ ಉಳಿಯಲಿಲ್ಲ. ಗಾಲ್ವಾನ್ ಸಂಘರ್ಷವಾಗಿ ಮೂರೇ ವರ್ಷ, ನಮ್ಮದೇ ಕಣ್ಣು ಅಲ್ಲಿ ತೀರಾ ಬೇಕಿದ್ದ ಕಾಲ. ಆಗ ಕನ್ನಡದ ಓದುಗರಿಗೆ ಬೀಜಿಂಗ್‌ನ ಸುದ್ದಿಗಾಗಿ ಉಳಿದದ್ದು ಬಹುಮಟ್ಟಿಗೆ ಪಾಶ್ಚಾತ್ಯ ಏಜೆನ್ಸಿಗಳ ಪ್ರತಿಯೇ. ಹಾಗಾಗಿ ಚೀನಾದ ಸುದ್ದಿ ಓದುವಾಗ ಮೊದಲ ಸಾಲಿನ ಮುಂದಿರುವ ಊರಿನ ಹೆಸರು ನೋಡಿ. ಬೀಜಿಂಗ್ ಅಥವಾ ಶಿನ್‌ಜಿಯಾಂಗ್‌ನ ಉರುಂಚಿ ಇರಬೇಕಾದ ಕಡೆ ತೈಪೆ, ಸೋಲ್, ಸಿಂಗಾಪುರ ಎಂದಿದ್ದರೆ, ಬರೆದವರು ಅದನ್ನು ಫೋನು, ಉಪಗ್ರಹ ಚಿತ್ರ ಮತ್ತು ಸರ್ಕಾರಿ ದಾಖಲೆಗಳಿಂದ ಕಟ್ಟಿದ್ದಾರೆ ಎಂದೇ ತಿಳಿಯಬಹುದು.