ಹಾಡಿಯವರು ಅರ್ಜಿಯೇ ಹಾಕೋದಿಲ್ಲವಲ್ಲ?

ಪ್ರಶ್ನೆ: ನಮ್ಮ ಊರಿನ ಕಲಾ ಸಮಿತಿಯ ಬೈಲಾದಲ್ಲೇ ‘ಎಲ್ಲ ಸಮುದಾಯಗಳಿಗೂ ಸಮಾನ ಅವಕಾಶ’ ಎಂದಿದೆ. ಆದರೂ ವರ್ಷವರ್ಷವೂ ಅವೇ ತಂಡಗಳು ವೇದಿಕೆ ಹತ್ತುತ್ತವೆ. ಹಾಡಿಗಳಲ್ಲಿ, ಅಂದರೆ ಆದಿವಾಸಿ ಕೇರಿಗಳಲ್ಲಿ ಇರುವ ಯರವರು, ಜೇನು ಕುರುಬರು, ಕುಡಿಯರು ಅರ್ಜಿಯೇ ಹಾಕದಿದ್ದರೆ ಸಮಿತಿಯದೇನು ತಪ್ಪು?

ಉತ್ತರ: ಮಡಿಕೇರಿ ದಸರಾ ಹತ್ತಿರವಾದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಸರಿ, ಇನ್ನೊಮ್ಮೆ.

‘ಅರ್ಜಿ ಹಾಕಲ್ಲ’ ಎನ್ನುವವರು ಅರ್ಜಿಯನ್ನು ಒಮ್ಮೆ ಓದಿ ನೋಡಲಿ. ಮೊದಲ ಸಾಲೇ ‘ನೋಂದಾಯಿತ ಸಂಘವಾಗಿರಬೇಕು’. 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ 7 ಜನ ಸೇರಬೇಕು, ಉದ್ದೇಶಪತ್ರ, ಬೈಲಾ ಬರೆಸಬೇಕು, ಶುಲ್ಕ ಕಟ್ಟಬೇಕು. ಆಮೇಲೆ ಪ್ರತಿ ವರ್ಷ ಸಭೆ ನಡೆಸಿ ಪದಾಧಿಕಾರಿಗಳ ಪಟ್ಟಿ, ಲೆಕ್ಕಪತ್ರ ಸಲ್ಲಿಸಬೇಕು. ಇದೆಲ್ಲ ಹೇಗೋ ಆಗುತ್ತದೆ ಅನ್ನಿ. ಸಿಕ್ಕಿಹಾಕಿಕೊಳ್ಳುವುದು ವಿಳಾಸದಲ್ಲಿ. ತೋಟದ ಕೂಲಿಗಳು ಇರುವ ಸಾಲುಮನೆ, ಅಂದರೆ ಲೈನ್‌ಮನೆ, ತೋಟದ ಮಾಲೀಕರದ್ದು. ಅದೇ ಸಂಘದ ವಿಳಾಸವಾಗಬೇಕಾದರೆ ಅವರ ಒಪ್ಪಿಗೆ ಪತ್ರ ಬೇಕು. ಮುಂದಿನ ವರ್ಷ ಬೇರೆ ತೋಟಕ್ಕೆ ಹೋದರೆ ಸಂಘಕ್ಕೆ ಬಂದ ಪತ್ರ ಹಳೆಯ ಲೈನಿನಲ್ಲೇ ಉಳಿಯುತ್ತದೆ. ‘ಹಿಂದಿನ ಕಾರ್ಯಕ್ರಮಗಳ ಪ್ರಮಾಣಪತ್ರ ಲಗತ್ತಿಸಿ’ ಎನ್ನುವುದಂತೂ ತಮಾಷೆ. ವೇದಿಕೆ ಸಿಗದವರಿಗೆ ಪ್ರಮಾಣಪತ್ರ ಎಲ್ಲಿಂದ ಬರಬೇಕು?

ಇನ್ನು ‘ಎಲ್ಲರಿಗೂ ಒಂದೇ ಮೊತ್ತ ಕೊಡುತ್ತೇವೆ’ ಎಂಬ ಹೆಮ್ಮೆ. ತಂಡಕ್ಕೆ 10,000 ರೂಪಾಯಿ ಎಂದಿಟ್ಟುಕೊಳ್ಳಿ. ತಂಡದಲ್ಲಿ 12 ಜನ, ದಿನಗೂಲಿ 450. ಅಭ್ಯಾಸಕ್ಕೊಂದು ದಿನ, ಕಾರ್ಯಕ್ರಮಕ್ಕೊಂದು ದಿನ ಕೆಲಸ ಬಿಟ್ಟರೆ ಕೂಲಿಯೇ 10,800 ಹೋಯಿತು. ನಾಗರಹೊಳೆ ಕಡೆಯ ಹಾಡಿಯಿಂದ ಮಡಿಕೇರಿಗೆ ಜೀಪು ಬಾಡಿಗೆ ಇನ್ನೂ ಸೇರಿಸಿಲ್ಲ. ಪೇಟೆಯ ತಂಡ ಸಂಜೆ ಆಫೀಸು ಮುಗಿಸಿ ತಮ್ಮ ಸಮಾಜದ ಸಭಾಂಗಣದಲ್ಲಿ ಅಭ್ಯಾಸ ಮಾಡುತ್ತದೆ. ಅದಕ್ಕೆ ಹತ್ತು ಸಾವಿರವೂ ಉಳಿತಾಯ. ಕಾರ್ಯಕ್ರಮವನ್ನು ಜನವರಿಯಲ್ಲಿ ಇಟ್ಟರಂತೂ ಮುಗಿಯಿತು. ಕಾಫಿ ಕೊಯ್ಲಿನ ಹೊತ್ತಿನಲ್ಲಿ ತೋಟದ ಕೆಲಸ ನೋಡಿಕೊಳ್ಳುವ ಯಾವ ರೈಟರ್ ರಜೆ ಕೊಡುತ್ತಾನೆ?

ಮಾಡಬೇಕಾದ್ದು ದೊಡ್ಡದೇನಲ್ಲ. ನೋಂದಣಿಯ ಬದಲು ತಂಡದ ಮುಖ್ಯಸ್ಥರ ಆಧಾರ್, ಬ್ಯಾಂಕ್ ಪಾಸ್‌ಬುಕ್ ಸಾಕು ಎನ್ನಿ. ಸಮಿತಿಯವರೇ ಹಾಡಿಗೆ ಹೋಗಿ, ಅವರು ಹೇಳಿದ್ದನ್ನು ಬರೆದುಕೊಂಡು, ಓದಿ ಹೇಳಿ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿಕೊಳ್ಳಲಿ. ಹೋಗುವುದು ಭಾನುವಾರವೋ ಸಂಜೆಯೋ ಆಗಲಿ. ಹಗಲು ಹೋದರೆ ಮಕ್ಕಳು ಮಾತ್ರ ಸಿಗುತ್ತಾರೆ. ಗೌರವಧನ ಬೇರೆ, ಪ್ರಯಾಣ ಮತ್ತು ಕೂಲಿ ನಷ್ಟ ಬೇರೆ. ಎರಡನೆಯದನ್ನು ಮುಂಗಡವಾಗಿ ಕೊಡಿ. ‘ಬಿಲ್ ಕೊಟ್ಟ ಮೇಲೆ’ ಎಂದರೆ ಜೀಪಿಗೆ ಸಾಲ ಮಾಡಬೇಕಾಗುತ್ತದೆ. ಆಯ್ಕೆ ಸಮಿತಿಯಲ್ಲಿ ಹಾಡಿಯ ಒಬ್ಬರಾದರೂ ಇರಲಿ, ಅವರಿಗೂ ಸಭೆಯ ದಿನದ ಕೂಲಿ ಕೊಡಿ. ಕೊಡವ ಭಾಷೆಗೆ 1994ರಿಂದ, ಅರೆಭಾಷೆಗೆ 2011ರಿಂದ ಅಕಾಡೆಮಿಯಿದೆ, ಕಾಗದಪತ್ರ ಬಲ್ಲವರೂ ಅಲ್ಲಿ ಬೆಳೆದಿದ್ದಾರೆ. ಯರವ ಭಾಷೆಗೆ ಅಂಥದ್ದಿಲ್ಲ.

ಸಮಯದ ಮಿತಿಯನ್ನೂ ನೋಡಿ. ಏಳು ನಿಮಿಷಕ್ಕೆ ಕೊಡವ ಮಹಿಳೆಯರ ಕುಣಿತ ಉಮ್ಮತ್ತಾಟ್ ಹೊಂದಿಸಬಹುದು. ಮೇ ತಿಂಗಳಲ್ಲಿ ದೇವರಪುರದ ಕುಂಡೆ ಹಬ್ಬಕ್ಕೆ ಹಾಡಿಯವರು ವೇಷ ಕಟ್ಟಿ ಬೈಯುತ್ತಾ ಕುಣಿಯುವುದನ್ನು ಏಳು ನಿಮಿಷಕ್ಕೆ ಕತ್ತರಿಸಿ, ಬೈಗುಳ ತೆಗೆದು ತನ್ನಿ ಎಂದರೆ ಉಳಿಯುವುದು ಬರೀ ವೇಷ.

ಯಾರೂ ಕೇಳದ ಇನ್ನೊಂದು ವಿಷಯ: ವಾಲಗದವರು, ಅಂದರೆ ಕುಣಿತಕ್ಕೆ ವಾದ್ಯ ನುಡಿಸುವವರು. ಕುಣಿಯುವ ತಂಡದ ಹೆಸರು ಆಮಂತ್ರಣದಲ್ಲಿ ಬರುತ್ತದೆ, ಸನ್ಮಾನದ ಶಾಲೂ ಅವರಿಗೇ. ಪಕ್ಕದಲ್ಲಿ ಪರೆ ಎಂಬ ಚರ್ಮವಾದ್ಯ, ಕೊಂಬು ಹಿಡಿದು ನಿಂತವರು ಖರ್ಚಿನ ಪಟ್ಟಿಯಲ್ಲಿ ಶಾಮಿಯಾನ, ಮೈಕಿನ ಕೆಳಗೆ ‘ವಾಲಗ’ ಎಂದು ಸೇರಿರುತ್ತಾರೆ. ತಾಳ ತಪ್ಪಿದರೆ ಹೆಜ್ಜೆಯೇ ತಪ್ಪುತ್ತದೆ ಎಂಬುದು ಕುಣಿಯುವವರಿಗೆಲ್ಲ ಗೊತ್ತು. ಈ ವರ್ಷದ ಆಮಂತ್ರಣ ಅಚ್ಚಿಗೆ ಹೋಗುವ ಮುನ್ನ ಅವರ ಹೆಸರು ಕೇಳಿ ಬರೆದುಕೊಳ್ಳಿ, ಗೌರವಧನವನ್ನು ಕಲಾವಿದರ ಸಾಲಿನಲ್ಲೇ ತೋರಿಸಿ.