ಉಸಿರನ್ನು ನೋಡುತ್ತಿರಲು ಒಬ್ಬರು ಬೇಕು

ವ್ಯಸನದ ಬಗ್ಗೆ ಎಲ್ಲಿ ಮಾತಾಡಿದರೂ ಕೊನೆಗೆ ಯಾರಾದರೂ ಎದ್ದು ಕೇಳುತ್ತಾರೆ: “ಡಾಕ್ಟ್ರೇ, ಕೆಲವು ದೇಶಗಳಲ್ಲಿ ಸರ್ಕಾರವೇ ಡ್ರಗ್ಸ್ ಕೊಟ್ಟು, ಚುಚ್ಚಲು ಜಾಗವನ್ನೂ ಕೊಡುತ್ತದಂತೆ. ಇದು ಪ್ರೋತ್ಸಾಹ ಅಲ್ಲವಾ?”

ಅವರು ಕೇಳುವುದು ಡ್ರಗ್ಸ್ ಬಳಸುವವರು ಸಿಬ್ಬಂದಿಯ ಕಣ್ಣೆದುರಿಗೇ ಚುಚ್ಚಿಕೊಳ್ಳುವ ಕೇಂದ್ರಗಳ ಬಗ್ಗೆ. ಈ ಕೇಂದ್ರಗಳಲ್ಲಿ ಡ್ರಗ್ಸ್ ಕೊಡುವುದಿಲ್ಲ. ಸಿಬ್ಬಂದಿ ಯಾರಿಗೂ ಚುಚ್ಚುವುದೂ ಇಲ್ಲ. (ಹೆರಾಯಿನ್ನನ್ನೇ ವೈದ್ಯರ ಸುಪರ್ದಿಯಲ್ಲಿ ಔಷಧಿಯಾಗಿ ಕೊಡುವ ಚಿಕಿತ್ಸೆ ಸ್ವಿಟ್ಜರ್ಲೆಂಡಿನಲ್ಲಿದೆ, ಆದರೆ ಅದು ಬೇರೆಯೇ ವಿಷಯ.) ಬರುವವನು ತಾನು ತಂದದ್ದನ್ನು ತಾನೇ ಚುಚ್ಚಿಕೊಳ್ಳುತ್ತಾನೆ. ಕೇಂದ್ರ ಕೊಡುವುದು ಶುಚಿಯಾದ ಸೂಜಿ, ಮತ್ತು ಅವನ ಉಸಿರನ್ನೇ ನೋಡುತ್ತಾ ನಿಲ್ಲುವ ಒಬ್ಬ ನರ್ಸ್.

ಈ ಉಸಿರಿನ ವಿಷಯವನ್ನು ನಾನು ಎಷ್ಟು ಸಲ ಹೇಳಿದರೂ ಸಾಲದು. ಹೆರಾಯಿನ್, ಫೆಂಟನಿಲ್‌ನಂಥ ಅಫೀಮಿನ ಬಗೆಯ ಡ್ರಗ್ಸ್ ನೇರವಾಗಿ ಹೃದಯವನ್ನು ನಿಲ್ಲಿಸಿ ಕೊಲ್ಲುತ್ತವೆ ಎಂದೇ ಹಲವರು ತಿಳಿದಿದ್ದಾರೆ. ಅವು ಮೊದಲು ಮಂಕಾಗಿಸುವುದು ಮೆದುಳಿನ ಬುಡದಲ್ಲಿ ಉಸಿರಾಟವನ್ನು ನಡೆಸುವ ಭಾಗವನ್ನು. ನಿಮಿಷಕ್ಕೆ 12ರಿಂದ 20 ಸಲ ಆಡಬೇಕಾದ ಉಸಿರು ಎಂಟಕ್ಕೆ, ನಾಲ್ಕಕ್ಕೆ ಇಳಿಯುತ್ತದೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ತುಟಿ ನೀಲಿಗಟ್ಟುತ್ತದೆ. ಉಸಿರು ನಿಂತು ಕೆಲವೇ ನಿಮಿಷ ಕಳೆದರೆ ಮೆದುಳಿಗೆ ಪೆಟ್ಟು ಬೀಳುತ್ತದೆ, ಹೃದಯ ಸೋಲುವುದು ಆಮೇಲೆ. ಆ ನಿಮಿಷಗಳಲ್ಲಿ ಪಕ್ಕದಲ್ಲಿ ತಿಳಿದವರು ಒಬ್ಬರಿದ್ದರೆ ಜೀವ ಉಳಿಸುವುದು ಕಷ್ಟವಲ್ಲ. ಎಷ್ಟೋ ಸಲ ಆಮ್ಲಜನಕವೇ ಸಾಕಾಗುತ್ತದೆ, ಸಾಲದಿದ್ದರೆ ಈ ಡ್ರಗ್ಸ್‌ನ ಪರಿಣಾಮವನ್ನು ತಡೆಯುವ ನ್ಯಾಲೋಕ್ಸೋನ್ ಎಂಬ ಔಷಧಿ ಇದೆ.

ಒಬ್ಬ ತಂದೆ ತಮ್ಮ ಮಗನ ಬಗ್ಗೆ ನನಗೆ ಹೇಳಿದ್ದರು: “ರಾತ್ರಿಯಿಡೀ ಜೋರಾಗಿ ಗೊರಕೆ ಹೊಡೀತಿದ್ದ. ಸದ್ಯ, ಇವತ್ತಾದರೂ ನೆಮ್ಮದಿಯಾಗಿ ಮಲಗಿದ ಅಂದ್ಕೊಂಡ್ವಿ.” ಅದು ನಿದ್ದೆಯಲ್ಲ, ಗಂಟಲು ಸಡಿಲವಾಗಿ ಉಸಿರಿನ ದಾರಿ ಕಟ್ಟಿಕೊಳ್ಳುತ್ತಿದ್ದ ಸದ್ದು. ಅವನ ತಂಗಿ ಹೋಗಿ ಅಲುಗಾಡಿಸಿದಳು, ಏಳದಿದ್ದಾಗ ಕಿರುಚಿದಳು, ಆಂಬುಲೆನ್ಸ್ ಬಂತು, ಹುಡುಗ ಬದುಕಿದ. ಅವನು ಬಾಗಿಲಿಗೆ ಚಿಲಕ ಹಾಕಿಕೊಂಡಿರಲಿಲ್ಲ, ಅದೊಂದೇ ಅದೃಷ್ಟ. “ಈ ಮನೇಲಿ ಇನ್ನೊಂದು ಸಲ ಕಂಡರೆ ಹೊರಗೆ ಹಾಕ್ತೀನಿ” ಎಂದು ಆ ತಂದೆ ಬೆದರಿಸಿದ್ದರು. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಮಗನ ಮೇಲಿನ ಪ್ರೀತಿಯಿಂದಲೇ ಆಡಿದ ಮಾತದು. ಆದರೆ ಅಂಥ ಮಾತು ಕೇಳಿದವನು ಡ್ರಗ್ಸ್ ಬಿಡುವುದು ಅಪರೂಪ, ಬಾತ್‌ರೂಮಿನ ಚಿಲಕ ಹಾಕಿಕೊಳ್ಳುವುದೇ ಹೆಚ್ಚು. ಅವಮಾನ ಮನುಷ್ಯನನ್ನು ಒಂಟಿ ಮಾಡುತ್ತದೆ, ಒಂಟಿಯಾಗಿ ಚುಚ್ಚಿಕೊಳ್ಳುವವನ ಉಸಿರು ನಿಂತರೆ ನೋಡುವವರೇ ಇರುವುದಿಲ್ಲ.

ಇಂಥ ಕೇಂದ್ರ ಮೊದಲು ತೆರೆದದ್ದು 1986ರಲ್ಲಿ, ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ. ಸಿಡ್ನಿಯ ಕಿಂಗ್ಸ್ ಕ್ರಾಸ್‌ನಲ್ಲಿ 2001ರಲ್ಲಿ ಶುರುವಾಗುವ ಮುಂಚೆ ಅಲ್ಲಿನ ವ್ಯಾಪಾರಿಗಳ ಸಂಘ ಕೋರ್ಟಿಗೆ ಹೋಗಿ ಸೋತಿತು. ಪ್ರಯೋಗವೆಂದು ಆರಂಭವಾದ ಆ ಕೇಂದ್ರವನ್ನು 2010ರಲ್ಲಿ ಕಾಯಂ ಮಾಡಿದರು. ನಡೆಸುತ್ತಿರುವುದು ಒಂದು ಚರ್ಚ್ ಎಂದರೆ ಕೇಳುವವರಿಗೆ ಅಚ್ಚರಿ. ಕೆನಡಾದ ವ್ಯಾಂಕೂವರ್‌ನಲ್ಲಿ ಇನ್‌ಸೈಟ್ ಎಂಬ ಕೇಂದ್ರ 2003ರಲ್ಲಿ ತೆರೆಯಿತು. ಅದಾದ ಮೇಲೆ ಕೇಂದ್ರದ 500 ಮೀಟರ್ ಸುತ್ತಮುತ್ತ ಓವರ್‌ಡೋಸ್ ಸಾವಿನ ಪ್ರಮಾಣ ಶೇ. 35ರಷ್ಟು ಇಳಿಯಿತು, ನಗರದ ಉಳಿದ ಭಾಗದಲ್ಲಿ ಇಳಿದದ್ದು ಶೇ. 9.3 ಎಂದು 2011ರ ಒಂದು ಅಧ್ಯಯನ ತೋರಿಸಿತು. ಅದೇ ವರ್ಷ ಕೆನಡಾದ ಸುಪ್ರೀಂ ಕೋರ್ಟ್ ಒಮ್ಮತದಿಂದ ಕೇಂದ್ರದ ಪರ ತೀರ್ಪಿತ್ತಿತು.

ಒಂದು ಎಚ್ಚರಿಕೆ. ಒಂದು ಕೇಂದ್ರದ ಪರಿಣಾಮ ಹೆಚ್ಚಾಗಿ ಅದರ ಆಸುಪಾಸಿಗೆ ಮಾತ್ರ. ಇಡೀ ನಗರದ ಸಾವುಗಳನ್ನು ಅದು ತಡೆಯುತ್ತದೆ ಎಂದು ನಾನು ಹೇಳಲಾರೆ. ಬೀದಿಯಲ್ಲಿ ಬಿದ್ದ ಸೂಜಿ ನೋಡಿ ಮಕ್ಕಳ ಬಗ್ಗೆ ಹೆದರುವ ನೆರೆಹೊರೆಯವರ ಮಾತನ್ನೂ ತಳ್ಳಿಹಾಕಬಾರದು. ಕೇಂದ್ರಕ್ಕೆ ಬಂದ ಮಾತ್ರಕ್ಕೆ ವ್ಯಸನ ಬಿಡುವುದೂ ಇಲ್ಲ. ಆದರೆ ದಿನವೂ ಹೆಸರು ಹಿಡಿದು ಮಾತಾಡಿಸುವ ನರ್ಸ್ ಬಳಿಯೇ ಒಂದು ದಿನ ಅವನು “ನನ್ನಿಂದ ಇನ್ನಾಗಲ್ಲ, ಎಲ್ಲಾದರೂ ಸೇರಿಸಿ” ಎನ್ನುವುದುಂಟು. ಇನ್‌ಸೈಟ್‌ನ ಮೇಲಿನ ಮಹಡಿಯಲ್ಲೇ 2007ರಲ್ಲಿ ಡ್ರಗ್ಸ್ ಬಿಡಿಸುವ (ಡಿಟಾಕ್ಸ್) ವಾರ್ಡ್ ತೆರೆದದ್ದು ಇಂಥ ಗಳಿಗೆಗಾಗಿಯೇ.

ಇಂಥ ಕೇಂದ್ರ ಹತ್ತಿರದಲ್ಲಿ ಇಲ್ಲದ ಮನೆಯವರಿಗೆ ಇಷ್ಟು ಹೇಳುತ್ತೇನೆ. ಚಿಕಿತ್ಸೆ ಮುಗಿಸಿಯೋ ಜೈಲಿನಿಂದಲೋ ಬಂದ ಮೊದಲ ವಾರಗಳೇ ಅತಿ ಅಪಾಯದ ಕಾಲ. ದೇಹ ಹಳೆಯ ಡೋಸ್ ತಡೆಯುವ ಶಕ್ತಿ ಕಳೆದುಕೊಂಡಿರುತ್ತದೆ, ಕೈಗೆ ಮಾತ್ರ ಹಳೆಯ ಅಳತೆಯೇ ನೆನಪು. ವ್ಯಸನದ ಚಿಕಿತ್ಸೆಗೆಂದು ಮೆಥಡೋನ್, ಬ್ಯುಪ್ರೆನಾರ್ಫಿನ್‌ನಂಥ ಔಷಧಿ ಕೊಟ್ಟಿದ್ದರೆ “ಈಗ ಸರಿಹೋಗಿದ್ದಾನಲ್ಲ” ಎಂದು ನೀವಾಗಿ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ. ಗೊರಗೊರ ಸದ್ದು ಬಂದು, ಅಲುಗಾಡಿಸಿದರೂ ಏಳದಿದ್ದರೆ ತಕ್ಷಣ ಆಂಬುಲೆನ್ಸ್ ಕರೆಯಿರಿ, ಬಾಯಿಂದ ಉಸಿರು ಕೊಡಿ, ತಾನಾಗಿ ಉಸಿರಾಡುತ್ತಿದ್ದರೆ ಮಗ್ಗುಲಿಗೆ ಮಲಗಿಸಿ. ನ್ಯಾಲೋಕ್ಸೋನ್ ಕೊಟ್ಟ ಮೇಲೆ ಎದ್ದು ಕೂತನೆಂದು ಬಿಟ್ಟು ಹೋಗಬೇಡಿ. ಅದರ ಪರಿಣಾಮ ಅರ್ಧ ಗಂಟೆಯಿಂದ ಒಂದೂವರೆ ಗಂಟೆಯಲ್ಲಿ ಇಳಿಯುತ್ತದೆ, ಅಷ್ಟರಲ್ಲಿ ಡ್ರಗ್ಸ್ ದೇಹದಿಂದ ಹೋಗಿರದಿದ್ದರೆ ಉಸಿರು ಮತ್ತೆ ನಿಲ್ಲಬಹುದು.